ಏಳುವ ಮನಸ್ಸು ಬಾರದಷ್ಟು ಎತ್ತರ

“ಕಾಂಪೌಂಡು ಎಷ್ಟು ಎತ್ತರ ಬೇಕಮ್ಮ?” ಎಂದು ಮೇಸ್ತ್ರಿ ಹನುಮಂತಪ್ಪ ಟೇಪು ಹಿಡಿದು ಕೇಳಿದಾಗ ನಾನು ಅವನ ಮೊಣಕಾಲನ್ನೇ ನೋಡುತ್ತ ನಿಂತುಬಿಟ್ಟೆ. ಪಾಪ, ಅವನು ಎತ್ತಿ ಕಟ್ಟಿದ್ದ ಪಂಚೆಯನ್ನು ಗಾಬರಿಯಿಂದ ಇಳಿಬಿಟ್ಟುಕೊಂಡ. ನಾಳೆ ಹೇಳುತ್ತೇನೆ ಎಂದು ಅವನನ್ನು ಕಳಿಸಿದೆ.

ಶಿವಮೊಗ್ಗದ ಗೋಪಾಳದಲ್ಲಿರುವ ನನ್ನ ಮನೆಯ ಮುಂದಿನ ಗೋಡೆ ಹೋದ ವಾರ ಬಿತ್ತು. ಎದುರಿನ ಸೈಟಿಗೆ ಜಲ್ಲಿ ತಂದ ಲಾರಿ ರಿವರ್ಸ್ ಬರುವಾಗ ಹಿಂಭಾಗ ತಾಗಿಸಿತು. ಡ್ರೈವರು ಇಳಿದು ಬಂದು “ಸಾರಿ ಆಂಟಿ” ಎಂದ. ಆಂಟಿ ಎನ್ನಿಸಿಕೊಳ್ಳುವ ವಯಸ್ಸು ದಾಟಿ ಎಷ್ಟೋ ವರ್ಷವಾಗಿದ್ದ ನಾನು ಆ ಒಂದು ಮಾತಿನ ಸಂತೋಷದಲ್ಲೇ ಅವನನ್ನು ಕ್ಷಮಿಸಿಬಿಟ್ಟೆ. ಆದರೆ ನನ್ನ ತಮ್ಮನ ಮಗ ಪ್ರಕಾಶ ಕ್ಷಮಿಸಲಿಲ್ಲ. ಅವನದು ಹಾರ್ಡ್‌ವೇರ್ ಅಂಗಡಿ. ಆರು ಅಡಿ ಗೋಡೆ, ಅದರ ಮೇಲೆ ಚೂಪು ಕಂಬಿ, ದೊಡ್ಡ ಕಬ್ಬಿಣದ ಗೇಟು ಎಂದು ಅಂದೇ ಪ್ಲಾನ್ ಹಾಕಿ ತಂದ. ಸೆಕ್ಯುರಿಟಿ ಬೇಕಲ್ಲ ಅತ್ತೆ, ಕಾಲ ಹೇಗಿದೆ ಗೊತ್ತಾ, ಎಂದು ನನಗೆ ಕಾಲದ ಬಗ್ಗೆ ಲೆಕ್ಚರ್ ಕೊಟ್ಟ. ಕಾಲ ಹೇಗಿದೆ ಎಂಬುದು ಎಂಬತ್ತರ ಹತ್ತಿರ ಬಂದವಳಿಗಿಂತ ನಲವತ್ತರವನಿಗೆ ಹೆಚ್ಚು ಗೊತ್ತಿರುತ್ತದೆ ಎಂದುಕೊಂಡು ನಾನು ಅವನಿಗೆ ಕಾಫಿ ಮಾಡಲು ಹೋದೆ.

ಆದರೆ ಈ ಒಂದು ವಾರದಲ್ಲಿ ಒಂದು ವಿಚಿತ್ರ ನಡೆದಿದೆ. ಈ ಬಡಾವಣೆಗೆ ನಾನು ಬಂದಾಗಿನಿಂದ ಬೆಳಗಿನ ವಾಕಿಂಗ್‌ನಲ್ಲಿ ಗೋಡೆಯಾಚೆಯಿಂದ ತಲೆಯಷ್ಟೇ ತೋರಿಸಿ ಹೋಗುತ್ತಿದ್ದ ಜನ ಈಗ ಇಟ್ಟಿಗೆ ರಾಶಿಯ ಹತ್ತಿರ ನಿಲ್ಲುತ್ತಿದ್ದಾರೆ. ಒಬ್ಬರು ಲಾರಿಯ ಕಥೆ ಕೇಳಿದರು. ಒಬ್ಬಾಕೆ ದಾಸವಾಳದ ಒಂದು ಕಡ್ಡಿ ಕೇಳಿದರು. ಅವರಿಗೂ ನನ್ನ ಹಾಗೆ ಮಂಡಿನೋವಂತೆ. ಗೋಡೆ ನನ್ನನ್ನು ಕಳ್ಳರಿಂದ ಕಾಯುತ್ತಿದೆ ಎಂದುಕೊಂಡಿದ್ದೆ. ಅದು ಮಂಡಿನೋವಿನವರನ್ನೂ ಅಷ್ಟೇ ನಿಷ್ಠೆಯಿಂದ ತಡೆಯುತ್ತಿತ್ತು ಎಂದು ಬಿದ್ದ ಮೇಲೆ ಗೊತ್ತಾಯಿತು.

ಹನುಮಂತಪ್ಪನ ಮೊಣಕಾಲಿಗೂ ಗೋಡೆಯ ಎತ್ತರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದಕ್ಕೆ ನಾನು ನನ್ನ ಅಜ್ಜಿಯನ್ನು ಕರೆತರಬೇಕು. ಅಜ್ಜಿಯನ್ನು ಕರೆತರಬೇಕೆಂದರೆ ಮೊದಲು ದುರ್ಗಿಗುಡಿಯ ಜಗುಲಿಯನ್ನು ತರಬೇಕು, ಯಾಕೆಂದರೆ ನನ್ನ ನೆನಪಿನಲ್ಲಿ ಅಜ್ಜಿ ಅದರ ಮೇಲಿಂದ ಎದ್ದದ್ದೇ ಕಡಿಮೆ.

ನಮ್ಮ ಹಳೆಯ ಮನೆ ಇದೇ ಊರಿನ ದುರ್ಗಿಗುಡಿಯಲ್ಲಿ ಸಾಲುಮನೆಗಳ ನಡುವೆ ಇತ್ತು. ಪ್ರತಿ ಮನೆಯ ಮುಂದೆ ಜಗುಲಿ. ಅದು ಮನೆಗೂ ಸೇರಿದ್ದಲ್ಲ, ಬೀದಿಗೂ ಸೇರಿದ್ದಲ್ಲ. ಹೂವಿನವಳು ಬುಟ್ಟಿ ಇಳಿಸಿ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಳು. ಪೋಸ್ಟ್‌ಮ್ಯಾನ್ ಕಾಗದ ಕೊಡುವುದಕ್ಕಿಂತ ಮುಂಚೆ ಅದು ಯಾರದಿರಬಹುದು ಎಂದು ಅಜ್ಜಿಯ ಜೊತೆ ಚರ್ಚೆ ಮಾಡುತ್ತಿದ್ದ. ಜಗುಲಿಯ ಹಾಸುಗಲ್ಲು ನೂರಾರು ಜನ ಕೂತು ಕೂತು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಅದರ ಎತ್ತರಕ್ಕೆ ಅಳತೆ ಕೊಟ್ಟದ್ದು ಅಜ್ಜಿಯೇ ಅಂತೆ. ಹೊಸದಾಗಿ ಮದುವೆಯಾಗಿ ಬಂದಿದ್ದ ಅವಳನ್ನು ಅವಳ ಮಾವ ಇಟ್ಟಿಗೆ ರಾಶಿಯ ಮೇಲೆ ಕೂರಿಸಿ, ಪಾದ ನೆಲಕ್ಕೆ ಸರಿಯಾಗಿ ಊರುವವರೆಗೆ ಇಟ್ಟಿಗೆ ಸೇರಿಸಿ ತೆಗೆದು, ಎತ್ತರ ಗುರುತು ಮಾಡಿದ್ದರಂತೆ. ಅಜ್ಜಿ ಇದನ್ನು ಎಷ್ಟೋ ಸಲ ಹೇಳಿದ್ದಾಳೆ. “ಕಾಲು ನೆಲಕ್ಕೆ ತಾಗ್ಬೇಕು ಕಣೇ ಗಿರ್ಜಿ, ಆದ್ರೆ ಏಳೋ ಮನ್ಸು ಬರ್ಬಾರ್ದು. ಅಷ್ಟೆತ್ತರ.”

ಹಾಗೆ ಅಳತೆ ಕೊಟ್ಟವಳು ಆ ಜಗುಲಿಯ ಮೇಲೆ ಕೂತದ್ದು ಅವಳ ಅತ್ತೆ ಮಾವ ಇಬ್ಬರೂ ಹೋದ ಮೇಲೆಯೇ. ಸೊಸೆಯರು ಜಗುಲಿಯ ಮೇಲೆ ಕೂರುವ ಪದ್ಧತಿ ನಮ್ಮ ಬೀದಿಯಲ್ಲಿರಲಿಲ್ಲ. ನನ್ನ ಅಮ್ಮನೂ ಕೂತವಳಲ್ಲ. ಸಾಯಂಕಾಲ ಜಗುಲಿಯಲ್ಲಿ ಮಾತು ಏರಿದಾಗ ಅಮ್ಮ ಬಾಗಿಲ ಹಿಂದೆ, ಚಿಲಕದ ಮೇಲೆ ಕೈಯಿಟ್ಟು ನಿಂತು ಕೇಳುತ್ತಿದ್ದಳು. ನಗು ಬಂದರೆ ಸೆರಗು ಬಾಯಿಗೆ. ಅಜ್ಜಿ ಕೆಟ್ಟವಳೇನಲ್ಲ. ಆದರೆ ಬಾಗಿಲಿನ ಆಚೆ ಅವಳು ಒಬ್ಬಳು, ಈಚೆ ಇನ್ನೊಬ್ಬಳು.

ನನಗಂತೂ ಆ ಜಗುಲಿಯೆಂದರೆ ಆಗುತ್ತಿರಲಿಲ್ಲ. ಕಾನ್ವೆಂಟಿನಿಂದ ಗಣಿತದ ಮಾರ್ಕ್ಸ್ ಹಿಡಿದು ನಮ್ಮ ಬೀದಿಗೆ ತಿರುಗಿದರೆ ಮನೆ ಮುಟ್ಟುವುದರೊಳಗೆ ನಾಲ್ಕು ಜಗುಲಿಗಳಿಗೆ ಉತ್ತರ ಹೇಳಬೇಕು. ನನಗಿಂತ ಮುಂಚೆ ನನ್ನ ಮಾರ್ಕ್ಸು ಮನೆ ಸೇರಿ, ಅದರ ಬಗ್ಗೆ ಬೈಗುಳವೂ ತಯಾರಾಗಿರುತ್ತಿತ್ತು. ಕಾನ್ವೆಂಟಿನಲ್ಲಿ ಹಾಗಲ್ಲ. ಅಲ್ಲಿ ಉದ್ದನೆಯ ಕಾರಿಡಾರ್, ತುಂಬ ಎತ್ತರದ ಸೀಲಿಂಗ್, ಕೆಳಗೆ ಹೊಳೆಯುವ ಕೆಂಪು ನೆಲ. ಸಿಸ್ಟರ್‌ಗಳು ಸೈಲೆನ್ಸ್ ಎಂದು ಹೇಳುವ ಅಗತ್ಯವೇ ಇರಲಿಲ್ಲ. ಆ ಸೀಲಿಂಗಿನ ಕೆಳಗೆ ನಮ್ಮ ದನಿ ತಾನಾಗಿ ಇಳಿಯುತ್ತಿತ್ತು, ಹೆಜ್ಜೆ ತಾನಾಗಿ ಲೈನಿಗೆ ಬರುತ್ತಿತ್ತು. ಗೇಟು ದಾಟಿದ ಮರುಕ್ಷಣವೇ ಅದೇ ಹುಡುಗಿಯರು ಸಂತೆಯ ಹಾಗೆ ಕೂಗಾಡುತ್ತಿದ್ದೆವು. ನಾನು ಅಲ್ಲಿಂದ ಪ್ರೈವಸಿ ಎಂಬ ಒಂದು ಶಬ್ದ ಕಲಿತುಬಂದು ಮನೆಯಲ್ಲಿ ಅದು ನನಗೆ ಬೇಕೆಂದು ಕೇಳಿದೆ. ಅದು ಬಟ್ಟೆ ಅಂಗಡಿಯಲ್ಲಿ ಸಿಗುತ್ತದಾ ಎಂದು ಚಿಕ್ಕಪ್ಪ ತಮಾಷೆ ಮಾಡಿದರು.

ಸಿಕ್ಕಿದ್ದು ಭದ್ರಾವತಿಯಲ್ಲಿ. ಐವತ್ತರ ದಶಕದ ಕೊನೆಯಲ್ಲಿ ಅಪ್ಪಾಜಿಗೆ ಅಲ್ಲಿನ ಕಾರ್ಖಾನೆಯ ಕ್ವಾರ್ಟರ್ಸ್ ಸಿಕ್ಕಿತು. ದುರ್ಗಿಗುಡಿಯ ಮನೆಯನ್ನು ಚಿಕ್ಕಪ್ಪ ಚಿಕ್ಕಮ್ಮನಿಗೆ ಬಿಟ್ಟು ನಾವು ಹೊರಟೆವು. ಅಮ್ಮನ ಕಂಕುಳಲ್ಲಿ ನನ್ನ ತಮ್ಮ, ಅಂದರೆ ಈ ಪ್ರಕಾಶನ ಅಪ್ಪ, ಆರು ತಿಂಗಳ ಕೂಸು. ಕೂಸಿಗೆ ಎಣ್ಣೆನೀರಿಗೆ ನಾನಿಲ್ಲದೆ ಆಗುತ್ತದಾ ಎಂದು ಅಜ್ಜಿಯೂ ಬಂದಳು.

ಆ ಕ್ವಾರ್ಟರ್ಸ್ ನನ್ನ ಕಣ್ಣಿಗೆ ವಿಲಾಯಿತಿಯ ಹಾಗಿತ್ತು. ನೆಟ್ಟಗಿನ ರಸ್ತೆ, ಒಂದೇ ಅಚ್ಚಿನ ಹೆಂಚಿನ ಮನೆಗಳು, ಪ್ರತಿ ಮನೆಗೆ ಒಂದು ನಂಬರು, ಸುತ್ತ ಎದೆಮಟ್ಟದ ಬೇಲಿಗಿಡ, ಒಂದು ಮರದ ಗೇಟು. ಸೈರನ್ ಕೂಗಿದರೆ ಎಲ್ಲ ಗೇಟುಗಳೂ ಒಟ್ಟಿಗೆ ತೆರೆದು ಗಂಡಸರು ಸೈಕಲ್ ಹತ್ತುತ್ತಿದ್ದರು. ಮತ್ತೆ ಕೂಗಿದರೆ ಒಟ್ಟಿಗೆ ಮುಚ್ಚುತ್ತಿದ್ದವು. ನಡುವೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ನನಗೆ ಒಂದು ಕೋಣೆ ಸಿಕ್ಕಿತು. ಮಂಚ ಹಾಕಿದರೆ ಬಾಗಿಲು ಅರ್ಧವೇ ತೆರೆಯುವಂಥ ಕೋಣೆ, ಆದರೂ ನನ್ನದು. ದಿನವೂ ಬಸ್ಸಿನಲ್ಲಿ ಮಲವಗೊಪ್ಪ ದಾಟಿ ಶಿವಮೊಗ್ಗದ ಕಾನ್ವೆಂಟಿಗೆ ಹೋಗಿಬರುವ ಸುಸ್ತು ಆ ಬಾಗಿಲು ಹಾಕಿಕೊಂಡ ಕೂಡಲೇ ಹೋಗುತ್ತಿತ್ತು. ಅಮ್ಮನಿಗೂ ಹಾಗೆಯೇ. ಅವಳು ಮಧ್ಯಾಹ್ನ ವೆರಾಂಡದಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ, ಮಾಸಪತ್ರಿಕೆ ಓದುವುದನ್ನು ನಾನು ನೋಡಿದ್ದು ಅಲ್ಲೇ. “ಇಲ್ಲಿ ಕಾಲು ಚಾಚಿದ್ರೂ ಯಾರೂ ನೋಡಲ್ಲ” ಎಂದು ಒಮ್ಮೆ ನನ್ನ ಹತ್ತಿರ ಗುಟ್ಟಾಗಿ ಹೇಳಿದಳು.

ಯಾರೂ ನೋಡುವುದಿಲ್ಲ ಎಂಬುದೇ ಅಜ್ಜಿಯ ಕಾಯಿಲೆಯಾಯಿತು. ಅವಳೂ ಅದೇ ವೆರಾಂಡದಲ್ಲಿ ಕೂರುತ್ತಿದ್ದಳು. ಎದುರಿಗೆ ಕಾಣುವುದು ಬೇಲಿಗಿಡ. ಎದ್ದು ಗೇಟಿನ ಹತ್ತಿರ ಹೋಗಿ ನಿಂತರೆ ಐದು ನಿಮಿಷಕ್ಕೆ ಸೊಂಟ ಹಿಡಿಯುತ್ತಿತ್ತು. ಅಲ್ಲದೆ ನಿಂತವರನ್ನು ಕಂಡರೆ ದಾರಿಹೋಕರು ಏನು ಬೇಕಿತ್ತು ಅಜ್ಜಿ ಎಂದು ಕೇಳುತ್ತಾರೆ, ಕೂತವರನ್ನು ಹಾಗೆ ಯಾರೂ ಕೇಳುವುದಿಲ್ಲ. ಒಂದು ತಿಂಗಳಲ್ಲಿ ಅವಳ ಮಾತು ಅರ್ಧವಾಯಿತು, ಊಟ ಕಾಲಾಯಿತು. ಅಪ್ಪಾಜಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಅವರು ಕೆಂಪು ಟಾನಿಕ್ ಕೊಟ್ಟರು. ಅಜ್ಜಿ ಅದನ್ನು ಕುಡಿದು, ಮತ್ತೆ ಬೇಲಿಗಿಡ ನೋಡುತ್ತ ಕೂತಳು.

ಆಮೇಲೆ ಒಂದು ಸೋಮವಾರ ಅವಳು ಬೆಳಿಗ್ಗೆ ಈಶ್ವರನ ಗುಡಿಗೆ ಹೋದವಳು ಎರಡು ಗಂಟೆ ತಡವಾಗಿ, ಮುಖದಲ್ಲಿ ಕಳೆ ತುಂಬಿಕೊಂಡು ಬಂದಳು. ಬಾಯಿಂದ ಕಾಫಿಯ ಪರಿಮಳ. ನಡೆದದ್ದು ಇಷ್ಟು. ಗುಡಿಯಿಂದ ವಾಪಸು ಬರುವಾಗ ನಮ್ಮ ಗೇಟಿನ ಬದಲು ಮೂರನೆಯ ಗೇಟು ತೆರೆದು ಒಳಗೆ ಹೋಗಿದ್ದಾಳೆ. ಅದೇ ವೆರಾಂಡ, ಅದೇ ಹಸಿರು ಬಾಗಿಲು, ಅದೇ ಜಾಗದಲ್ಲಿ ಅಡಿಗೆಮನೆ. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಸೊಸೆಯನ್ನು ಬೈಯುತ್ತ ಅದನ್ನು ಇಳಿಸಿ, ಕೆಂಡ ಹಿಂದಕ್ಕೆಳೆದು, ಮಣೆ ಹಾಕಿಕೊಂಡು ಕೂತಿದ್ದಾಳೆ. ಹಿತ್ತಲ ನಲ್ಲಿಯಿಂದ ಕೊಡ ಹೊತ್ತು ಒಳಗೆ ಬಂದ ಆ ಮನೆಯ ಸೆಲ್ವಿಯಮ್ಮನಿಗೆ, ಹಣೆತುಂಬ ವಿಭೂತಿಯ ಅಪರಿಚಿತ ಮುದುಕಿಯೊಬ್ಬಳು ತನ್ನ ಹಾಲು ಕಾಯುತ್ತ ಕೂತದ್ದು ಕಂಡಿದೆ. ಸೆಲ್ವಿಯಮ್ಮ ಮದುವೆಯಾಗಿ ಸೇಲಂ ಕಡೆಯಿಂದ ಬಂದು ವರ್ಷವಾಗಿತ್ತು. ಕನ್ನಡ ಬಾರದು, ಈ ರಸ್ತೆಯಲ್ಲಿ ಯಾರ ಪರಿಚಯವೂ ಇಲ್ಲ. ತಪ್ಪು ಗೊತ್ತಾಗಿ ಅಜ್ಜಿ ಎದ್ದರೆ, ಆಕೆ ಕೊಡ ಇಳಿಸಿ, ಕೈ ಹಿಡಿದು, “ಉಕ್ಕಾರುಂಗೋ ಪಾಟಿ” ಎಂದಳಂತೆ. ಅಂದರೆ ಕೂತುಕೊಳ್ಳಿ ಅಜ್ಜಿ. ಅರ್ಥವಾಗದಿದ್ದರೂ ಅಜ್ಜಿ ಕೂತಳು. ಇಬ್ಬರೂ ಅವರವರ ಭಾಷೆಯಲ್ಲಿ ಎರಡು ಗಂಟೆ ಮಾತಾಡಿದರು.

ಮನೆಯಲ್ಲಿ ಇದು ದೊಡ್ಡ ಅವಮಾನವೆನಿಸಿತು. ಅಪ್ಪಾಜಿ ಸಂಜೆ ಸೆಲ್ವಿಯಮ್ಮನ ಗಂಡನ ಹತ್ತಿರ ಹೋಗಿ ಕ್ಷಮೆ ಕೇಳಿ ಬಂದರು. ನಾನು ಎಕ್ಸ್‌ಕ್ಯೂಸ್ ಮಿ ಹೇಳದೆ ಒಬ್ಬರ ಮನೆ ಹೊಗುವುದು ಎಂಥ ಬ್ಯಾಡ್ ಮ್ಯಾನರ್ಸ್ ಎಂದು ಅಜ್ಜಿಗೆ ತಿಳಿಹೇಳಿದೆ. ಹನ್ನೊಂದು ವರ್ಷಕ್ಕೇ ನನಗೆ ಅಂಥ ಗಾಂಭೀರ್ಯ ಬಂದಿತ್ತು. ಅಮ್ಮ ಮಾತ್ರ ಮೆಲ್ಲಗೆ, ನೋಡಿಕೊಂಡು ಬರಬಾರದಿತ್ತೇ ಅತ್ತೆ, ಬೇರೆಯವರ ಅಡಿಗೆಮನೆ ಅಲ್ಲವೇ ಎಂದಳು.

“ಎಲ್ಲಾ ಮನೆ ಒಂದೇ ತರ ಕಟ್ಟಿ ಇಟ್ಮೇಲೆ ಬೇರೆಯವ್ರು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ನೀಲಾ?” ಎಂದಳು ಅಜ್ಜಿ. ಆಮೇಲೆ, “ಇಲ್ಲಿ ಒಬ್ರ ಮುಖ ನೋಡ್ಬೇಕು ಅಂದ್ರೆ ದಾರಿ ತಪ್ಪಬೇಕು. ದಿನಾ ತಪ್ಪೋಕಾಗುತ್ತಾ? ಬರೋ ಸೋಮವಾರ ನಾನು ದುರ್ಗಿಗುಡಿಗೆ ಹೋಗ್ತೀನಿ. ಗಿರ್ಜಿನೂ ಬರ್ಲಿ. ಹೆಂಗೂ ಅವಳ ಸ್ಕೂಲು ಅಲ್ಲೇ ಇದೆ” ಎಂದಳು.

ಅಪ್ಪಾಜಿಗೆ ಇದು ಬಹಳ ಸರಿಯಾದ ಮಾತೆನಿಸಿತು. ನನಗೆ ಬಸ್ಸಿನ ಸುಸ್ತು ತಪ್ಪುತ್ತದೆ, ಅಜ್ಜಿಗೆ ಕೈಗೊಬ್ಬಳು ಮೊಮ್ಮಗಳಾಗುತ್ತಾಳೆ. ನನ್ನ ಕೋಣೆಯ ವಿಷಯ ಯಾರೂ ಎತ್ತಲಿಲ್ಲ. ಆ ಅರ್ಧ ತೆರೆಯುವ ಬಾಗಿಲು, ಕಿಟಕಿಯ ಮೇಲೆ ಜೋಡಿಸಿದ್ದ ಪುಸ್ತಕಗಳು, ಎಲ್ಲ ಇನ್ನೊಂದು ವಾರಕ್ಕೆ ಮಾತ್ರ. ಮತ್ತೆ ಆ ನಾಲ್ಕು ಜಗುಲಿಗಳು, ಮತ್ತೆ ಗಣಿತದ ಮಾರ್ಕ್ಸು. ಎದುರಿಗೆ ಎರಡೇ ದಾರಿ ಕಂಡವು. ಅಜ್ಜಿಯ ಜೊತೆ ಜಗುಲಿಗೆ ಹೋಗುವುದು, ಇಲ್ಲವೇ ಜಗುಲಿಯನ್ನೇ ಅಜ್ಜಿಯ ಹತ್ತಿರ ತರುವುದು. ನಾನು ಇಂದಿಗೂ ನನ್ನನ್ನು ಸಮಾಜಸೇವಕಿ ಎಂದು ಹೊಗಳುವವರಿಗೆ ಹೇಳುತ್ತೇನೆ, ನನ್ನ ಮೊದಲ ಸಮಾಜಸೇವೆ ಶುದ್ಧ ಸ್ವಾರ್ಥದಿಂದ ಆದದ್ದು.

ಗೇಟಿನ ಹೊರಗೆ, ರಸ್ತೆಯ ಅಂಚಿನಲ್ಲಿ ಹೊಂಗೆಮರದ ಕೆಳಗೆ, ಚರಂಡಿ ಮುಚ್ಚಿ ಉಳಿದ ಉದ್ದನೆಯ ಕಲ್ಲುಚಪ್ಪಡಿಯೊಂದು ಬಿದ್ದಿತ್ತು. ಕುಲುಮೆಯಿಂದ ತೆಗೆದ ಹಳೆಯ ಇಟ್ಟಿಗೆಗಳನ್ನು ಕಾರ್ಖಾನೆಯವರು ಹೊರಗೆ ರಾಶಿ ಹಾಕುತ್ತಿದ್ದರು. ಬಚ್ಚಲೊಲೆ ಹಾಕಲು ಬೇಕಾದವರು ಕೇಳಿ ತರುತ್ತಿದ್ದರು. ಸೆಲ್ವಿಯಮ್ಮನ ಹಿತ್ತಲಲ್ಲಿ ಅವು ಬೇಕಾದಷ್ಟಿದ್ದವು. ಗುರುವಾರ ನಾನು ಸ್ಕೂಲಿಗೆ ಹೊಟ್ಟೆನೋವಿನ ರಜೆ ಹಾಕಿದೆ. ಸೆಲ್ವಿಯಮ್ಮನಿಗೆ ಕೈಸನ್ನೆಯಲ್ಲಿ ವಿಷಯ ತಿಳಿಸಿದೆ. ಕೂರುವುದು ಎಂದು ತೋರಿಸಿದ ಕೂಡಲೇ ಆಕೆಗೆ ಅರ್ಥವಾಯಿತು. ಸೆರಗು ಸಿಕ್ಕಿಸಿಕೊಂಡು ಇಟ್ಟಿಗೆ ಹೊತ್ತಳು. ಅಜ್ಜಿ ಗೇಟು ಹಿಡಿದು ನಿಂತು ನೋಡುತ್ತಿದ್ದವಳು ಕೊನೆಗೆ ತಡೆಯಲಾರದೆ ಹೊರಗೆ ಬಂದು ಇಟ್ಟಿಗೆಯ ಮೇಲೆ ಕೂತಳು. ನಾವು ಒಂದೊಂದೇ ಇಟ್ಟಿಗೆ ಸೇರಿಸಿದೆವು. ಸಾಲದು, ಇನ್ನೊಂದು, ಹೆಚ್ಚಾಯಿತು, ತೆಗಿ. ಅವಳ ಪಾದ ಸರಿಯಾಗಿ ನೆಲಕ್ಕೂರಿದಾಗ “ಹ್ಞಾ” ಎಂದಳು. ಚಪ್ಪಡಿಯ ದಪ್ಪಕ್ಕೆಂದು ಒಂದು ಇಟ್ಟಿಗೆ ಕಡಿಮೆ ಮಾಡಿ ಎರಡೂ ತುದಿಗೆ ಅಷ್ಟೇ ಎತ್ತರ ಜೋಡಿಸಿದೆವು. ದಾರಿಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಇಬ್ಬರು ಇಳಿದು ಬಂದು ಚಪ್ಪಡಿ ಎತ್ತಿ ಮೇಲಿಟ್ಟುಕೊಟ್ಟರು.

ಆ ಸಂಜೆಯೇ ಅಲ್ಲಿ ನಾಲ್ಕು ಜನರಿದ್ದರು. ಮಾರನೆಯ ದಿನ ಏಳು. ಒಂದೇ ಅಚ್ಚಿನ ಆ ಮನೆಗಳಲ್ಲಿ ಇಷ್ಟು ಬೇರೆಬೇರೆ ಮುಖಗಳಿದ್ದವೆಂದು ನಮಗೆ ಗೊತ್ತೇ ಇರಲಿಲ್ಲ. ಕನ್ನಡ, ತಮಿಳು, ತೆಲುಗು ಎಲ್ಲ ಕಲಸಿದ ಮಾತು. ಅಜ್ಜಿ ಎಲ್ಲದಕ್ಕೂ ಶುದ್ಧ ಶಿವಮೊಗ್ಗದ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳು.

ಶನಿವಾರ ಕ್ವಾರ್ಟರ್ಸ್ ನೋಡಿಕೊಳ್ಳುವ ಓವರ್‌ಸಿಯರ್ ಬಂದರು. ಖಾಕಿ ಚಡ್ಡಿ, ತಲೆಗೆ ಹ್ಯಾಟು, ಸೈಕಲ್ಲಿನ ಕ್ಯಾರಿಯರ್‌ನಲ್ಲಿ ಕಾಗದದ ಕಟ್ಟು. ಕ್ವಾರ್ಟರ್ಸ್‌ನಲ್ಲಿ ಪರ್ಮಿಷನ್ ಇಲ್ಲದೆ ಏನೂ ಕಟ್ಟುವ ಹಾಗಿಲ್ಲ, ಸೋಮವಾರದೊಳಗೆ ತೆಗೆಸಬೇಕು ಎಂದರು. ಅಪ್ಪಾಜಿ ಮನೆಯಲ್ಲಿರಲಿಲ್ಲ. ಅಮ್ಮ ಗೇಟಿನ ಒಳಗೆ ನಿಂತು, ತೆಗೆಸುತ್ತೇವೆ ಎಂದು ಆಗಲೇ ತಲೆಯಾಡಿಸಿಬಿಟ್ಟಿದ್ದಳು. ನಾನು ರೆಸ್ಪೆಕ್ಟೆಡ್ ಸರ್ ಎಂದು ಶುರುಮಾಡಿ, ಯಾರಾದರೂ ತಕರಾರು ತೆಗೆದರೆ ಇರಲಿ ಎಂದು ಹಿಂದಿನ ರಾತ್ರಿಯೇ ಬರೆದಿಟ್ಟಿದ್ದ ಒಂದೂವರೆ ಪುಟದ ಇಂಗ್ಲಿಷ್ ಅರ್ಜಿಯನ್ನು ತಂದು ಕೊಟ್ಟೆ. ಅದರಲ್ಲಿ ಅಜ್ಜಿಯ ಏಜ್, ಹೆಲ್ತ್, ಲೋನ್ಲಿನೆಸ್ ಎಲ್ಲ ಇತ್ತು. ಅವರು ನಿಂತುಕೊಂಡೇ ಓದತೊಡಗಿದರು.

“ನಿಂತ್ಕೊಂಡು ಎಂಥ ಓದೋದು ಮಾರಾಯ. ಕೂತ್ಕೊ” ಎಂದಳು ಅಜ್ಜಿ.

ಆರ್ಡರ್ ಮಾಡಲು ಬಂದವರು, ಯಾರದೋ ಅಜ್ಜಿ ಮಾರಾಯ ಎಂದದ್ದಕ್ಕೆ ಕಕ್ಕಾಬಿಕ್ಕಿಯಾಗಿ ಕೂತರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮೊದಲು ಪಾದ ನೆಲಕ್ಕೂರಿತು. ಆಮೇಲೆ ಭುಜ ಇಳಿಯಿತು. ಆಮೇಲೆ ಹ್ಯಾಟು ತೆಗೆದು ಪಕ್ಕಕ್ಕಿಟ್ಟರು. ನನ್ನ ಅರ್ಜಿ ಎರಡನೆಯ ಪುಟಕ್ಕೆ ಹೋಗಲೇ ಇಲ್ಲ. ಊರು ಯಾವುದು ಎಂದು ಅಜ್ಜಿ ಕೇಳಿದಳು. ತೀರ್ಥಹಳ್ಳಿ ಕಡೆ ಎಂದರು. ಮನೆಯಲ್ಲಿ ಯಾರ್ಯಾರು ಎಂದು ಕೇಳಿದಳು. ತಾಯಿಯಿದ್ದಾಳೆ, ಇಲ್ಲಿಗೆ ಕರೆತಂದರೆ ಹದಿನೈದು ದಿನವೂ ನಿಲ್ಲುವುದಿಲ್ಲ, ಯಾಕೋ ಗೊತ್ತಿಲ್ಲ ಎಂದರು. ಯಾಕೆಂದು ಅಜ್ಜಿ ಹೇಳಿದಳು. ಸೆಲ್ವಿಯಮ್ಮ ಕಾಫಿ ತಂದಳು. ಅರ್ಧ ಗಂಟೆಯಾದರೂ ಅವರು ಏಳಲಿಲ್ಲ. ಸೈರನ್ ಕೂಗಿದಾಗ ಬೆಚ್ಚಿ ಎದ್ದು, ಬಗ್ಗಿ ಚಪ್ಪಡಿಯ ಕೆಳಗೆ ನೋಡಿದರು.

“ಸಿಮೆಂಟ್ ಹಾಕಿಲ್ಲ ಅಲ್ವಾ ಅಜ್ಜಿ?” ಎಂದರು.

“ಇಲ್ಲಪ್ಪ.”

“ಹಂಗಾದ್ರೆ ಇದನ್ನ ನೀವು ಕಟ್ಟಿಲ್ಲ. ಬಿದ್ದಿದ್ದ ಕಲ್ಲನ್ನ ಎತ್ತಿಟ್ಟಿದ್ದೀರಿ, ಅಷ್ಟೇ. ಸಿಮೆಂಟ್ ಮಾತ್ರ ಹಾಕ್ಬೇಡಿ” ಎಂದು ಹ್ಯಾಟು ಹಾಕಿಕೊಂಡು ಸೈಕಲ್ ಹತ್ತಿದರು. ನನ್ನ ಅರ್ಜಿ ಚಪ್ಪಡಿಯ ಮೇಲೆಯೇ ಉಳಿಯಿತು. ಅಷ್ಟು ಒಳ್ಳೆಯ ಇಂಗ್ಲಿಷ್ ನಾನು ಮತ್ತೆ ಬರೆದಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಅದನ್ನು ಇಷ್ಟು ವರ್ಷ ಇಟ್ಟುಕೊಳ್ಳುತ್ತಿರಲಿಲ್ಲ. ಓವರ್‌ಸಿಯರ್ ಹೋದ ಮೇಲೂ ಅಮ್ಮ ಗೇಟಿನ ಒಳಗೇ ನಿಂತಿದ್ದಳು. ಕೈ ಚಿಲಕದ ಮೇಲೆ. ಮೂರು ದಿನದಿಂದ ಅವಳು ಹಾಗೆಯೇ ನಿಂತು ಕೇಳುತ್ತಿದ್ದಳೆಂಬುದು ನನಗೆ ಆಗ ಹೊಳೆಯಿತು. ಅವಳು ಇಷ್ಟಪಟ್ಟಿದ್ದ ಗೇಟು ಈ ಕಲ್ಲು ಬಂದದ್ದೇ ತಡ ಮತ್ತೆ ದುರ್ಗಿಗುಡಿಯ ಬಾಗಿಲಾಗಿಬಿಟ್ಟಿತ್ತು. ಮಾಡಿದವಳು ನಾನು. ಅಮ್ಮನ ಕಾಲು ಚಾಚುವ ಮಧ್ಯಾಹ್ನಗಳನ್ನು ನನ್ನ ಕೋಣೆಗೋಸ್ಕರ ಕಳೆದುಬಿಟ್ಟೆನಲ್ಲ ಎಂದು ನನ್ನ ಹೊಟ್ಟೆಯಲ್ಲಿ ಈ ಸಲ ನಿಜವಾಗಿಯೂ ನೋವು ಬಂತು.

ಅಜ್ಜಿಯೂ ತಿರುಗಿ ನೋಡಿದಳು. ಅವಳಿಗೂ ಆ ಚಿಲಕದ ಮೇಲಿನ ಕೈ ಕಂಡಿರಬೇಕು. ಸೆರಗಿನಿಂದ ತನ್ನ ಪಕ್ಕದ ಕಲ್ಲನ್ನು ಒರೆಸಿ, ಅತ್ತ ಸರಿದು ಕೂತಳು.

“ಬಾ ನೀಲಾ, ಕೂತ್ಕೋ.”

“ಇರ್ಲಿ ಅತ್ತೆ. ಕೂಸು ಏಳೋ ಹೊತ್ತಾಯ್ತು.”

“ಅಲ್ಲಿ ಒಂದು ಬಾಗ್ಲಿತ್ತು, ನೀನು ಹಿಂದೆ ನಿಂತೆ. ನಾನೂ ನಿಂತಿದ್ದೆ. ಇಲ್ಲಿ ಬರೀ ಕಲ್ಲು. ಇದಕ್ಕೆ ಹಿಂದು ಮುಂದು ಎಲ್ಲಿದೆ? ಬಾ.”

ಅಮ್ಮ ಗೇಟು ತೆಗೆದು ಬಂದಳು. ಪರೀಕ್ಷೆಗೆ ಕೂತವರ ಹಾಗೆ ತುದಿಯಲ್ಲಿ ಕೂತಳು. ಸೆಲ್ವಿಯಮ್ಮ ಏನೋ ಹೇಳಿದಳು, ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ನಕ್ಕರು. ಅಮ್ಮನ ಕೈ ಸೆರಗಿನ ಕಡೆ ಹೋಗಿ, ಅರ್ಧ ದಾರಿಯಿಂದ ವಾಪಸು ಬಂತು. ಒಳಗೆ ಕೂಸು ಎದ್ದು ಅಳತೊಡಗಿದಾಗ ನಾನೇ ಹೋಗಿ ಎತ್ತಿಕೊಂಡೆ.

ಸೋಮವಾರ ಬಂತು, ಹೋಯಿತು. ಅಜ್ಜಿ ದುರ್ಗಿಗುಡಿಯ ಮಾತೆತ್ತಲಿಲ್ಲ, ನಾವು ಯಾರೂ ನೆನಪಿಸಲಿಲ್ಲ. ನನ್ನ ಕೋಣೆ ನನಗೆ ಉಳಿಯಿತು. ಉಳಿದ ಮೇಲೆ ಗೊತ್ತಾದ ದೋಷವೆಂದರೆ, ಅಲ್ಲಿಂದ ಹೊರಗಿನ ಮಾತು ಒಂದೂ ಕೇಳುತ್ತಿರಲಿಲ್ಲ. ಒಂದು ವಾರ ಪ್ರೈವಸಿ ಅನುಭವಿಸಿ, ನಾನೂ ಪುಸ್ತಕ ಹಿಡಿದು ಚಪ್ಪಡಿಯ ಕೊನೆಗೆ ಹೋಗಿ ಕೂತೆ.

ನಿನ್ನೆ ಹನುಮಂತಪ್ಪ ಮತ್ತೆ ಬಂದ. ಪ್ರಕಾಶನೂ ತನ್ನ ಪ್ಲಾನ್ ಹಿಡಿದು ಬಂದಿದ್ದ. ಗೋಡೆ ನಿನ್ನ ಇಷ್ಟದ ಆರು ಅಡಿಯೇ ಇರಲಿ, ಆದರೆ ಅದನ್ನು ನನ್ನ ಸೈಟಿನ ಒಳಗೆ ಒಂದೂವರೆ ಅಡಿ ಸರಿಸಬೇಕು, ಹೊರಗೆ ಉಳಿದ ಜಾಗದಲ್ಲಿ ಉದ್ದಕ್ಕೂ ಜಗುಲಿ ಹಾಕಬೇಕು ಎಂದೆ.

“ಅತ್ತೆ, ಇಂಚು ಜಾಗಕ್ಕೆ ಜನ ಕೋರ್ಟಿಗೆ ಹೋಗ್ತಾರೆ. ನೀವು ರೋಡಿಗೆ ಬಿಟ್ಟುಕೊಡ್ತೀನಿ ಅಂತೀರಲ್ಲ” ಎಂದ ಪ್ರಕಾಶ. ಅವನ ಗಾಬರಿ ನೋಡಿ ನಗು ಬಂತು. ಅವನ ಅಪ್ಪ ಆ ಚಪ್ಪಡಿಯನ್ನು ಹಿಡಿದುಕೊಂಡೇ ನಡೆಯಲು ಕಲಿತದ್ದು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಅವನು ಪ್ಲಾನನ್ನು ಮಡಿಸಿ ಜೇಬಿಗಿಟ್ಟುಕೊಂಡ.

“ಎತ್ತರ ಎಷ್ಟಮ್ಮ ಜಗುಲೀದು?” ಎಂದು ಹನುಮಂತಪ್ಪ ಟೇಪು ಎಳೆದ. ಟೇಪು ಒಳಗಿಡು ಎಂದೆ. ಇಟ್ಟಿಗೆ ಹೊರಲು ಬಂದಿದ್ದ ಅವನ ಹೆಂಡತಿ ರತ್ನಮ್ಮ ತಲೆಯ ಸಿಂಬಿ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದಳು. ಅವಳನ್ನು ಕರೆದು ಇಟ್ಟಿಗೆಗಳ ಮೇಲೆ ಕೂರಿಸಿದೆ. ಒಂದು ಸೇರಿಸಿದೆವು, ಒಂದು ತೆಗೆದೆವು. ಅವಳ ಪಾದ ನೆಲಕ್ಕೂರಿತು. ದಾಸವಾಳದ ಕಡ್ಡಿ ಒಯ್ದಿದ್ದ ಆಕೆ ವಾಕಿಂಗ್ ಮುಗಿಸಿ ಬರುತ್ತಿದ್ದವರು, ಏನು ನಡೆಯುತ್ತಿದೆ ಎಂದು ನಿಂತರು. ಕಡ್ಡಿ ಚಿಗುರಿತಾ ಎಂದು ಕೇಳಿದೆ. ಇನ್ನೂ ಇಲ್ಲವಂತೆ. ಅದಕ್ಕೆ ಎಂಥ ಗೊಬ್ಬರ ಹಾಕಬೇಕು ಎಂದು ರತ್ನಮ್ಮ ಹೇಳತೊಡಗಿದಳು. ಅವರು ರತ್ನಮ್ಮನ ಪಕ್ಕದಲ್ಲಿ ಕೂತರು.

ಹತ್ತು ನಿಮಿಷವಾಗಿರಬೇಕು. ಹನುಮಂತಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡ, “ಕೆಲ್ಸ ಐತೆ ಏಳೇ” ಎಂದೂ ಅಂದ. ರತ್ನಮ್ಮ ಹ್ಞೂಂ ಎಂದಳು, ಏಳಲಿಲ್ಲ.

“ಅಷ್ಟೇ ಎತ್ತರ. ಗುರುತು ಹಾಕ್ಕೋ” ಎಂದೆ ನಾನು.